ಕಿವಿ ಮೆಷಿನ್ ಬಿಚ್ಚಿದ ವಾಚಕ್ಕ

ವಾಚಕ್ಕನ ಅಂಗಡಿ ಅಂದರೆ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ಒಳಗೆ ಕೂತವರು ಮೈಮರೆತು ಎದ್ದು ನಿಂತರೆ ತಲೆಗೆ ಏಟು ಗ್ಯಾರಂಟಿ. ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತಿದ್ದ ಅವಳಿಗೆ ಮಾತ್ರ ಎಷ್ಟು ಬಗ್ಗಬೇಕು ಅನ್ನುವುದು ಬೆನ್ನಿಗೇ ಗೊತ್ತಾಗಿಹೋಗಿತ್ತು. ಮುಂದೆ ಗಾಜಿನ ಪೆಟ್ಟಿಗೆ, ಅದರೊಳಗೆ ಬೆಲ್ಟುಗಳು. ಹಿಂದೆ ಮೇಜು, ಮೇಜಿನ ಮೇಲೆ ಕತ್ತು ಬಗ್ಗಿಸುವ ದೀಪ, ಹಲ್ಲುಜ್ಜುವ ಹಳೆಯ ಬ್ರಷ್ಷು, ಸೂಜಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳು, ಧೂಳು ಹಾರಿಸುವ ರಬ್ಬರ್ ಬುಂಡೆ. ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಅವಳ ಅಪ್ಪನದು. ಕೆಲಸವನ್ನೂ ಅಪ್ಪನೇ ಕಲಿಸಿದ್ದ. ತಮ್ಮಂದಿರಿಬ್ಬರಿಗೂ ಒಂದು ಕಡೆ ಕೂರುವ ತಾಳ್ಮೆ ಇರಲಿಲ್ಲ, ಇವಳಿಗೆ ಕೂತಲ್ಲಿಂದ ಏಳುವ ತಾಳ್ಮೆ ಇರಲಿಲ್ಲ. ಹಾಗಾಗಿ ಅಂಗಡಿ ಇವಳ ಪಾಲಿಗೆ ಬಂತು.

ಅವಳಿಗಿದ್ದ ಒಂದೇ ಚಟ ಬಿಚ್ಚುವುದು. ಮನೆಯಲ್ಲಿ ಕುಕ್ಕರಿನ ಸೀಟಿ, ಬಾಗಿಲ ಕರೆಗಂಟೆ, ಗಂಡನ ಬಸ್ಸಿನ ಟಿಕೆಟ್ ಯಂತ್ರ, ಎಲ್ಲವೂ ಒಮ್ಮೆಯಾದರೂ ಅವಳ ಕೈಯಲ್ಲಿ ಬಿಡಿಬಿಡಿಯಾಗಿ ಮತ್ತೆ ಒಂದಾಗಿದ್ದವು. ಮನೆಗೆ ಯಾರಾದರೂ ಹೊಸಬರು ಬಂದರೆ ಅತ್ತೆ ಮೊದಲೇ ಎಚ್ಚರಿಸುತ್ತಿದ್ದರು. "ನನ್ನ ಸೊಸೆ ಎದುರಿಗೆ ಜಾಸ್ತಿ ಹೊತ್ತು ಸುಮ್ನೆ ಕೂರಬೇಡಿ. ಒಳಗೇನಿದೆ ನೋಡೋಣ ಅಂತ ಶುರು ಮಾಡಿಬಿಡ್ತಾಳೆ."

ಆದರೆ ಬಿಚ್ಚುವುದಕ್ಕೆ ಬರುವ ವಾಚುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಜನ ಹೊತ್ತು ನೋಡಲು ಫೋನು ತೆಗೆಯುವ ಕಾಲ. ಬಂದವರೂ ಸೆಲ್ ಹಾಕಿಸಿ, ಬೆಲ್ಟ್ ಬದಲಾಯಿಸಿ ಹೊರಡುತ್ತಿದ್ದರು. ಮಧ್ಯಾಹ್ನವಂತೂ ಬೀದಿ ಪೂರ್ತಿ ತಣ್ಣಗಾಗುತ್ತಿತ್ತು. ಆ ಹೊತ್ತಿಗೆ ಕಟ್ಟಡದ ನಾಲ್ಕು ಅಂಗಡಿಯವರು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎದುರುಬದುರಾಗಿ ಔಷಧಿ ಅಂಗಡಿಯ ಮೇಡಂ ಮತ್ತು ಟೈಲರಣ್ಣ, ಮೇಲಿನ ಮೆಟ್ಟಿಲಲ್ಲಿ ಝೆರಾಕ್ಸ್ ಅಂಗಡಿಯವನು, ಎಲ್ಲರಿಗಿಂತ ಕೆಳಗೆ ವಾಚಕ್ಕ. ಝೆರಾಕ್ಸಿನವನು ಎಲ್ಲರಿಗಿಂತ ಚಿಕ್ಕವನಾದ್ದರಿಂದ ಅವನನ್ನು ಎಲ್ಲರೂ ತಮ್ಮ ಅನ್ನುತ್ತಿದ್ದರು. ಫ್ಲಾಸ್ಕಿನ ಚಹಾ ಮುಗಿಯುವ ತನಕ ಮಾತು. ಒಬ್ಬರು ಎದ್ದು ಹೋದರೆ ಉಳಿದವರು ಅವರ ಅಂಗಡಿ ನೋಡಿಕೊಳ್ಳುತ್ತಿದ್ದರು. ಮೇಡಂ ಇಲ್ಲದಾಗ ಟೈಲರಣ್ಣ ಗಿರಾಕಿಗಳಿಗೆ ಧೈರ್ಯ ಹೇಳುತ್ತಿದ್ದ, ಮಾತ್ರೆ ಮಾತ್ರ ಕೊಡುತ್ತಿರಲಿಲ್ಲ.

ಅಂಥದೊಂದು ಮಧ್ಯಾಹ್ನ ಮೇಡಂ ಸೆರಗಿನ ತುದಿಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ಆರು ಗುಂಡಿ ಸೆಲ್ಲುಗಳು.

"ಇವು ಕಿವಿ ಮೆಷಿನ್ ಸೆಲ್ಲು. ಒಬ್ಬ ಅಜ್ಜಿ ಹೋದ ತಿಂಗಳು ತಗೊಂಡು ಹೋಗಿದ್ರು. ಇವತ್ತು ಬಂದು, ಎಲ್ಲಾ ಸತ್ತಿವೆ, ನೀನು ಹಳೇ ಮಾಲು ಕೊಟ್ಟೆ ಅಂತ ಬೈದು ಹೋದ್ರು. ತಾರೀಖು ನೋಡಿದ್ರೆ ಇನ್ನೂ ಎರಡು ವರ್ಷ ಇದೆ. ಇದೇನು ಮಾಯ ನೋಡಕ್ಕಾ."

ವಾಚಕ್ಕ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದನ್ನು ದೀಪದ ಕೆಳಗೆ ಹಿಡಿದಳು. ವಾಚಿನ ಸೆಲ್ಲನ್ನು ಸಾವಿರಾರು ಸಲ ನೋಡಿದ್ದ ಕಣ್ಣು ಅದು. ಗಾತ್ರ ಹೆಚ್ಚುಕಡಿಮೆ ಅದೇ, ಹೊಳಪೂ ಅದೇ. ಆದರೆ ಬೆನ್ನ ಮೇಲೆ ಕೂದಲೆಳೆ ತೂರುವಷ್ಟು ಸಣ್ಣ ತೂತುಗಳಿದ್ದವು.

"ಮೇಡಂ, ಈ ಸೆಲ್ಲಿಗೆ ಮೂಗಿದೆ!"

"ಮೂಗಾ?"

"ನೋಡಿ ಇಲ್ಲಿ. ವಾಚಿನ ಸೆಲ್ಲಿಗೆ ಹೀಗಿರಲ್ಲ. ಇದರ ಮೇಲೆ ಏನಾದ್ರೂ ಅಂಟಿಸಿರ್ತಾರಾ?"

"ಬಣ್ಣದ ಸ್ಟಿಕ್ಕರ್ ಇರುತ್ತೆ. ಹಾಕೋವಾಗ ಕೀಳಬೇಕು."

ಮೇಡಂ ಅಂಗಡಿಯಿಂದ ಹೊಸ ಡಬ್ಬಿ ತಂದರು, ಇಬ್ಬರೂ ಅದರ ಹಿಂದಿನ ಸಣ್ಣ ಅಕ್ಷರ ಓದಿದರು. ಸ್ಟಿಕ್ಕರ್ ಕಿತ್ತ ಕೂಡಲೇ ಸೆಲ್ಲು ಗಾಳಿ ಎಳೆದುಕೊಳ್ಳಲು ಶುರುಮಾಡುತ್ತದೆ. ಆಮೇಲೆ ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಕೆಲವೇ ವಾರಕ್ಕೆ ಅದರ ಉಸಿರು ಮುಗಿಯುತ್ತದೆ. ಮೇಡಂ ಅಜ್ಜಿಗೆ ಫೋನು ಮಾಡಿ ಕೇಳಿದರು. ಹೌದು, ಸ್ಟಿಕ್ಕರ್ ಬಲು ಬಿಗಿಯಾಗಿದ್ದವಂತೆ, ಪಕ್ಕದ ಮನೆಯವರು ಬಂದಾಗ ಎಲ್ಲವನ್ನೂ ಒಟ್ಟಿಗೆ ಕೀಳಿಸಿ ಇಟ್ಟುಕೊಂಡಿದ್ದರಂತೆ.

ಮೆಟ್ಟಿಲ ಮೇಲೆ ನಗು ಎದ್ದಿತು. ಮೇಡಂ ಮಾತ್ರ ನಗಲಿಲ್ಲ. "ನಂಗೆ ಒಂದು ವಿಷಯ ತಲೆ ತಿಂತಾ ಇತ್ತು. ಈ ಸೆಲ್ಲು ತಗೊಳ್ಳೋರು ಎರಡು ಸಲ ಬರ್ತಾರೆ, ಮೂರು ಸಲ ಬರ್ತಾರೆ, ಆಮೇಲೆ ನಾಪತ್ತೆ. ಬಿಪಿ ಮಾತ್ರೆಗೆ ಅದೇ ಜನ ತಪ್ಪದೇ ಬರ್ತಾರೆ. ಅಂದ್ರೆ ಬದುಕಿದ್ದಾರೆ. ಹಾಗಾದ್ರೆ ಕಿವಿ ಮೆಷಿನ್ ಏನಾಯ್ತು?"

"ನಮ್ಮ ಚಿಕ್ಕಪ್ಪಂದು ಬೀರುವಿನಲ್ಲಿದೆ," ಅಂದ ಟೈಲರಣ್ಣ. "ಹಾಕಿದ್ರೆ ಕುಯ್ಯೋ ಅಂತ ಸೀಟಿ ಹೊಡೆಯುತ್ತೆ. ಒಂದು ಸಲ ಮದುವೆ ಮನೇಲಿ ಹೊಡೆದು, ಯಾರದೋ ಫೋನು ಅಂತ ಅರ್ಧ ಜನ ಜೇಬು ತಡಕಿದ್ರು. ಅವತ್ತಿಂದ ಮುಟ್ಟಿಲ್ಲ. ನಾವು ಕಿರುಚ್ತೀವಿ, ಅವರು ಕಿರುಚ್ತಾರೆ. ಬೀದಿಯೋರು ಜಗಳ ಅಂದ್ಕೊಂಡಿದ್ದಾರೆ."

ಝೆರಾಕ್ಸಿನ ತಮ್ಮ ಈಗ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತ. ಅವನು ಪ್ರತಿ ತೆಗೆಯುವುದರ ಜೊತೆಗೆ ಜನರಿಗೆ ಅರ್ಜಿ, ಪತ್ರಗಳನ್ನೂ ಟೈಪು ಮಾಡಿಕೊಡುತ್ತಿದ್ದ. "ಇದೇ ವಿಷಯಕ್ಕೆ ನಾನು ಮೂರು ಪತ್ರ ಮಾಡ್ಕೊಟ್ಟಿದ್ದೀನಿ. ಮೆಷಿನ್ನಿನ ಕೊಳವೆ ಗಟ್ಟಿಯಾಗಿದೆ, ಬದಲಾಯಿಸಿ ಅಂತ. ಒಬ್ಬರು ಪಾರ್ಸೆಲ್ ಕಳಿಸಿ ಬರೋಕೆ ಐದು ವಾರ ಆಯ್ತಂತೆ. ಕಿರುಬೆರಳುದ್ದ ಕೊಳವೆಗೆ ಐದು ವಾರ!"

ಮೂವರೂ ವಾಚಕ್ಕನ ಕಡೆ ನೋಡಿದರು. ಅವಳಿಗೆ ಅದು ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಎರಡೂ ಕೈ ಮೇಲೆತ್ತಿದಳು.

"ಅಯ್ಯೋ, ಅದು ಡಾಕ್ಟರ್ ಸಾಮಾನು. ನಾನು ವಾಚಿನವಳು."

"ನೀನು ಸಣ್ಣ ಸಾಮಾನಿನವಳು," ಅಂದರು ಮೇಡಂ. "ವಾಚು ಅದರಲ್ಲಿ ಒಂದು."

ಆ ಮಾತು ಅವಳ ಜೊತೆಗೇ ಮನೆಗೆ ಬಂತು. ಇಷ್ಟು ವರ್ಷ ತನ್ನನ್ನು ತಾನು ಹಾಗೆ ನೋಡಿಕೊಂಡೇ ಇರಲಿಲ್ಲ. ವಾಚು ಹೋದರೆ ತಾನೂ ಹೋದಂತೆ ಅಂದುಕೊಂಡಿದ್ದಳು. ಪಾತ್ರೆ ತೊಳೆಯುವಾಗಲೂ ಅವಳ ಮನಸ್ಸು ಆ ಮೂಗಿದ್ದ ಸೆಲ್ಲಿನ ಸುತ್ತಲೇ ಸುತ್ತುತ್ತಿತ್ತು. ಗಾಳಿ ಒಳಗೆ ಹೋಗಿ ಏನು ಮಾಡುತ್ತದೆ? ಮೆಷಿನ್ ಸೀಟಿ ಯಾಕೆ ಹೊಡೆಯುತ್ತದೆ? ಒಳಗಿನ ಸದ್ದು ಹೊರಗೆ ಸೋರಿ ಮತ್ತೆ ಒಳಗೇ ಹೋಗುತ್ತಿದೆಯೇ?

ಮರುದಿನ ಟೈಲರಣ್ಣ ಕೇಳದೆಯೇ ಚಿಕ್ಕಪ್ಪನ ಮೆಷಿನ್ ತಂದು ಮೇಜಿನ ಮೇಲಿಟ್ಟ. "ಹೇಗೂ ಸತ್ತಿದೆ. ಇನ್ನು ಸಾಯಿಸೋಕೆ ಆಗಲ್ಲ. ನೋಡು."

ಕಿವಿಯ ಹಿಂದೆ ಕೂರುವ ಬಾಳೆಕಾಯಿಯಾಕಾರದ ಪುಟ್ಟ ಪೆಟ್ಟಿಗೆ, ಅದರಿಂದ ಇಳಿಯುವ ಪಾರದರ್ಶಕ ಕೊಳವೆ, ತುದಿಯಲ್ಲಿ ಕಿವಿಯ ಅಚ್ಚಿಗೆ ತಕ್ಕಂತೆ ಮಾಡಿದ ಬಿರಡೆ. ಕೊಳವೆ ಹಳದಿಯಾಗಿ ಒಣಕಡ್ಡಿಯಂತಾಗಿತ್ತು, ಬಿರಡೆಯ ತೂತಿನಲ್ಲಿ ಗುಗ್ಗೆ ಕಲ್ಲಾಗಿತ್ತು. ಗಟ್ಟಿ ಕೊಳವೆ ಬಿರಡೆಯನ್ನು ಸರಿಯಾಗಿ ಕೂರಲು ಬಿಡದೆ ಹೊರಗೆಳೆಯುತ್ತಿತ್ತು. ಸದ್ದು ಸೋರುತ್ತಿದ್ದದ್ದು ಅಲ್ಲೇ. ಅವಳು ಬಿರಡೆಯನ್ನು ಬೇರೆ ಮಾಡಿ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ರಬ್ಬರ್ ಬುಂಡೆಯಿಂದ ಗಾಳಿ ಊದಿ ಒಣಗಿಸಿದಳು. ಸೆಲ್ ಕೂರುವ ತಗಡಿನ ಮೇಲೆ ಹಸಿರು ಕಟ್ಟಿದ್ದನ್ನು ಉಜ್ಜಿ ತೆಗೆದಳು. ಕೊಳವೆ ಮಾತ್ರ ಎಲ್ಲಿಂದ ತರುವುದು? ಮೇಡಂ ತಮಗೆ ಸೆಲ್ಲು ಸರಬರಾಜು ಮಾಡುವವನನ್ನು ಕಾಡಿ, ನಾಲ್ಕನೇ ದಿನಕ್ಕೆ ಒಂದು ಸುರುಳಿಯನ್ನೇ ತರಿಸಿದರು.

ಚಿಕ್ಕಪ್ಪನನ್ನು ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಮೆಷಿನ್ ಹಾಕಿದರು. ಸೀಟಿ ಇಲ್ಲ. ಮುದುಕರು ಹುಬ್ಬು ಗಂಟಿಕ್ಕಿ ಅಣ್ಣನ ಮಗನ ಕಡೆ ತಿರುಗಿದರು.

"ನಿನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತೋ? ಕತ್ತೆ ಅತ್ತ ಹಾಗೆ ಅಳ್ತಾ ಇದೆ."

ಟೈಲರಣ್ಣ ತಲೆಯ ಮೇಲೆ ಕೈಹೊತ್ತ. "ಅಕ್ಕಾ, ನೀನು ರಿಪೇರಿ ಮಾಡಿದ್ದು ಕಿವಿ ಅಲ್ಲ, ಬಾಯಿ!"

ಒಂದೇ ವಾರದಲ್ಲಿ ಆ ಮನೆಯ ಕಿರುಚಾಟ ನಿಂತಿತು. ಬೀದಿಯವರು ರಾಜಿಯಾಯಿತೇ ಎಂದು ವಿಚಾರಿಸಿದರು. ಹಾಗೆ ಸುದ್ದಿ ಹರಡಿತು. ಸೆಲ್ಲು ಕೊಳ್ಳಲು ಬಂದವರಿಗೆಲ್ಲ ಮೇಡಂ "ಮೆಷಿನ್ ಹೇಗಿದೆ, ಹಾಕ್ಕೋತೀರಾ ಇಲ್ವಾ" ಎಂದು ಕೇಳಿ ಮೆಟ್ಟಿಲ ಕೆಳಗೆ ಕಳಿಸತೊಡಗಿದರು. ಝೆರಾಕ್ಸಿನ ತಮ್ಮ ಸ್ಟಿಕ್ಕರ್ ಕೀಳುವ ಕ್ರಮವನ್ನು ದಪ್ಪಕ್ಷರದಲ್ಲಿ ಒಂದು ಹಾಳೆಗೆ ಹಾಕಿ, ಕನ್ನಡಕ ಇಲ್ಲದೆ ಓದುವಂತಿದೆಯೇ ಎಂದು ನಾಲ್ಕು ಜನ ಮುದುಕರಿಗೆ ತೋರಿಸಿ, ಮೂರು ಸಲ ಅಕ್ಷರ ದೊಡ್ಡದು ಮಾಡಿದ. ತಿಂಗಳೆರಡರಲ್ಲಿ ಗಾಜಿನ ಪೆಟ್ಟಿಗೆಯ ಒಂದು ಮೂಲೆಯಿಂದ ಬೆಲ್ಟುಗಳು ಜಾಗ ಬಿಟ್ಟವು. ಅಲ್ಲಿ ಕೊಳವೆಗಳು ಬಂದವು.

ಬಂದವರಿಗೆಲ್ಲ ವಾಚಕ್ಕ ಒಂದು ಪ್ರಶ್ನೆ ಕೇಳುತ್ತಿದ್ದಳು. "ಮೊದಲು ಏನು ಕೇಳಿಸ್ತು?" ಒಬ್ಬರು ತಮ್ಮದೇ ಚಪ್ಪಲಿ ಸದ್ದು ಅಂದರು. ಒಬ್ಬಾಕೆ ಗೋಣಿಚೀಲದೊಳಗೆ ಕೈಯಾಡಿಸಿದ ಸದ್ದು ಅಂದರು. ಇನ್ನೊಬ್ಬರಿಗೆ ತಾವು ಹಪ್ಪಳ ತಿನ್ನುವಾಗ ಅಷ್ಟು ಗದ್ದಲವಾಗುತ್ತದೆಂದು ಗೊತ್ತೇ ಇರಲಿಲ್ಲವಂತೆ, ನಾಚಿಕೆಯಾಗಿ ಹಪ್ಪಳವನ್ನೇ ಬಿಟ್ಟುಬಿಟ್ಟರಂತೆ.

ಎಲ್ಲ ಸಲೀಸಾಗಿ ನಡೆಯುತ್ತಿದ್ದಾಗಲೇ ಹೆಡ್‌ಮೇಡಂ ಬಂದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಆದರೂ ಅವರ ಎದುರು ಬೀದಿಯವರು ಈಗಲೂ ನೆಟ್ಟಗೆ ನಿಲ್ಲುತ್ತಿದ್ದರು. ಅವರ ಮೆಷಿನ್ ಬೇರೆ ಜಾತಿಯದು. ಕೊಳವೆ ಇಲ್ಲ, ಬಿರಡೆ ಇಲ್ಲ, ಇಡೀ ಯಂತ್ರ ಹುಣಸೆಬೀಜದಷ್ಟಿದ್ದು ಕಿವಿಯೊಳಗೇ ಅಡಗಿ ಕೂರುವಂಥದ್ದು. ಎರಡು ದಿನದಿಂದ ಸದ್ದು ಕಮ್ಮಿಯಾಗಿದೆ ಅಂದರು.

ಭೂತಗನ್ನಡಿಯಲ್ಲಿ ನೋಡಿದರೆ ತುದಿಯಲ್ಲಿ ಗುಗ್ಗೆ ಕಾಣುತ್ತಿತ್ತು. ಅವಳು ಅದನ್ನು ತೆಗೆದಳು. ಹಿಂದೆ ಇನ್ನೂ ಏನೋ ಬಿಳಿಯದು ಕಂಡಿತು. ಅದೂ ಕಸವೇ ಇರಬೇಕು ಅನಿಸಿತು. ಇನ್ನೊಂಚೂರು ಒಳಗೆ ಏನಿದೆ ಎಂದು ನೋಡುವ ಆಸೆ. ಸೂಜಿ ಕೂದಲೆಳೆಯಷ್ಟು ಮುಂದೆ ಹೋಯಿತು. ಏನೋ ತೆಳ್ಳಗೆ ಹರಿದದ್ದು ಬೆರಳಿಗೆ ಗೊತ್ತಾಯಿತು.

ಸೆಲ್ ಹಾಕಿ ಕಿವಿಗೆ ಹಿಡಿದಳು. ಪಿಟ್ಟೆನ್ನಲಿಲ್ಲ.

"ನಾಳೆ ಬನ್ನಿ ಮೇಡಂ," ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು.

ಅವತ್ತು ಸಂಜೆ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಡ್ಯೂಟಿಯಲ್ಲಿದ್ದ. ಅತ್ತೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. "ಏನು ಮುರಿದೆ?"

ಅವಳು ಎಲ್ಲ ಹೇಳಿದಳು. ಯಾರಿಗೂ ಗೊತ್ತಾಗುವ ದಾರಿಯೇ ಇಲ್ಲ, ಬರುವಾಗಲೇ ಕೆಟ್ಟಿತ್ತು ಅಂದರೆ ಮುಗಿಯಿತು ಎಂಬುದನ್ನೂ ಹೇಳಿದಳು.

"ಮುಚ್ಚಿಡೋದಾದ್ರೆ ಇವತ್ತೇ ಮನಸ್ಸು ಗಟ್ಟಿ ಮಾಡ್ಕೊ. ಹೇಳೋದಾದ್ರೆ ಇವತ್ತೇ ಹೋಗಿ ಹೇಳು. ನಾಳೆ ನಾಡಿದ್ದು ಅಂತ ಇಟ್ಕೊಂಡ್ರೆ ನಮ್ಮನೆ ಸಾರು ಹೀಗೇ ಇರುತ್ತೆ," ಅಂದರು ಅತ್ತೆ.

ಕತ್ತಲಾಗುವ ಮೊದಲೇ ಅವಳು ಹೆಡ್‌ಮೇಡಂ ಮನೆಯ ಬಾಗಿಲಲ್ಲಿದ್ದಳು. ಕಿವಿ ಕೇಳದವರಿಗೆ ತಪ್ಪೊಪ್ಪಿಗೆ ಹೇಳುವುದು ಎಷ್ಟು ಕಷ್ಟವೆಂದು ಅವಳಿಗೆ ಅಲ್ಲಿ ನಿಂತ ಮೇಲೆ ತಿಳಿಯಿತು. ಮೊದಲ ಸಲ ಮೆಲ್ಲಗೆ ಹೇಳಿದಳು. ಎರಡನೇ ಸಲ ಜೋರಾಗಿ. ಮೂರನೇ ಸಲ "ನಾನೇ ಹಾಳು ಮಾಡಿದೆ!" ಎಂದು ಕೂಗಿದಾಗ ಎದುರು ಮನೆಯವರು ಕಿಟಕಿ ತೆರೆದರು.

ಹೆಡ್‌ಮೇಡಂ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಇದರ ಒಳಗೆ ಏನಿರುತ್ತೆ ಅಂತ ನಿಂಗೆ ಗೊತ್ತಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಕಲಿತುಕೋ. ಬೆಳಗ್ಗೆ ಹತ್ತಕ್ಕೆ ಬಾ. ರಿಪೇರಿ ಖರ್ಚು ನಿಂದು, ಆಟೋ ನಂದು."

ಅವರು ಕರೆದುಕೊಂಡು ಹೋದದ್ದು ತಮ್ಮ ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮನ ಕ್ಲಿನಿಕ್ಕಿಗೆ. ಎರಡು ಕೋಣೆ, ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹದಿನೈದು ಜನ. ವಿಷಯ ಕೇಳಿ ಡಾಕ್ಟರಮ್ಮನ ಮುಖ ಕೆಂಪಾಯಿತು. "ಯಾರು ನಿಮಗೆ ಇದನ್ನ ಮುಟ್ಟೋಕೆ ಹೇಳಿದ್ದು? ಅದು ಕಸ ಅಲ್ಲ, ಕಸ ತಡೆಯೋ ಜಾಲರಿ. ಅದರ ಹಿಂದೆ ಇರೋದೇ ಸ್ಪೀಕರ್, ನಿಮ್ಮ ಸೂಜಿಗೆ ಅದರ ಪೊರೆ ಹರಿದಿದೆ."

"ಜಾಲರಿನಾ?" ಅಂದಳು ವಾಚಕ್ಕ. ಭಯದ ನಡುವೆಯೂ ಅವಳ ಕುತೂಹಲ ತಡೆಯಲಿಲ್ಲ. "ಹಾಗಾದ್ರೆ ಅದನ್ನೇ ತೆಗೆದು ಬೇರೆ ಹಾಕಬಹುದಾ? ಅದಕ್ಕೆ ಅಂತ ಚಿಮಟ ಇರುತ್ತಾ? ಸ್ಪೀಕರಿನ ಪೊರೆ ಯಾವುದರದು?"

ಡಾಕ್ಟರಮ್ಮ ಮೆಷಿನ್ ಪಕ್ಕಕ್ಕಿಟ್ಟರು. ಹೊರಗೆ ಕಾಯುತ್ತಿದ್ದವರ ಕಡೆ ಕೈ ಮಾಡಿ ಹೆಡ್‌ಮೇಡಂ ಕೇಳಿದರು, "ಇವರೆಲ್ಲ ಯಾಕೆ ಬಂದಿದ್ದಾರೆ?"

"ಅರ್ಧ ಜನ ಪರೀಕ್ಷೆಗೆ. ಉಳಿದೋರು..." ಡಾಕ್ಟರಮ್ಮ ಅವರ ಕಿವಿಯ ಬಳಿ ಬಗ್ಗಿ ಜೋರಾಗಿ ಹೇಳಿದರು. "ಕೊಳವೆ, ಗುಗ್ಗೆ, ಸೆಲ್ಲು."

"ಆ ಅರ್ಧ ಜನಕ್ಕೆ ನೀವು ಇಷ್ಟು ಓದಬೇಕಿತ್ತಾ?"

ಮಾತು ಸ್ವಲ್ಪ ಚುರುಕಾಗಿಯೇ ಇತ್ತು. ಡಾಕ್ಟರಮ್ಮ ವಾಚಕ್ಕನ ಕೈ ನೋಡಿದರು. ಆಮೇಲೆ ಒಬ್ಬರ ಹಳೆಯ ಮೆಷಿನ್ ತಂದು ಎದುರಿಗಿಟ್ಟು, "ಇದರ ಕೊಳವೆ ಬದಲಾಯಿಸಿ, ನೋಡ್ತೀನಿ," ಅಂದರು. ವಾಚಕ್ಕ ಬ್ಯಾಗಿನಿಂದ ಭೂತಗನ್ನಡಿ ತೆಗೆದಳು. ಐದು ನಿಮಿಷ ಹಿಡಿಯುವ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು, ಕೊಳವೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿ ಕೂತಿತ್ತು.

ಅವತ್ತು ಡಾಕ್ಟರಮ್ಮ ಒಂದು ಹಾಳೆಯ ನಡುವೆ ಗೆರೆ ಎಳೆದರು. ಗೆರೆಯ ಈಚೆ ತೊಳೆಯುವುದು, ಒಣಗಿಸುವುದು, ಕೊಳವೆ, ಸೆಲ್ಲು, ಜಾಲರಿ. ಇಷ್ಟು ವಾಚಕ್ಕನದು. ಆಚೆಗೆ ಸದ್ದಿನ ಏರಿಳಿತ ಹೊಂದಿಸುವುದು, ಸ್ಪೀಕರು, ಮೈಕು, ಕಿವಿಯ ನೋವು, ಕಿವಿ ಸೋರುವುದು. ಅದರ ಹತ್ತಿರವೂ ಸುಳಿಯಬಾರದು, ಕಂಡ ಕೂಡಲೇ ಇಲ್ಲಿಗೆ ಕಳಿಸಬೇಕು. ವಾಚಕ್ಕ ಆರು ಗುರುವಾರ ಬೆಳಗ್ಗೆ ಅಂಗಡಿಯನ್ನು ಟೈಲರಣ್ಣನಿಗೆ ಒಪ್ಪಿಸಿ ಕ್ಲಿನಿಕ್ಕಿನಲ್ಲಿ ಕೂತು ಕಲಿತಳು. ಏಳನೇ ಗುರುವಾರದಿಂದ ಅಲ್ಲೇ ಒಂದು ಮೇಜು ಅವಳಿಗಾಯಿತು. ಹೆಡ್‌ಮೇಡಂ ಮೂರು ವಾರ ಮೆಷಿನ್ ಇಲ್ಲದೆ ಕಳೆದರು. ಅದು ರಿಪೇರಿಯಾಗಿ ಬಂದ ದಿನ ವಾಚಕ್ಕನ ಕೈಗೇ ಕೊಟ್ಟು, ನೀನೇ ಹಾಕು ಅಂದರು. ಅವಳು ಮೊದಲು ಭೂತಗನ್ನಡಿಯಲ್ಲಿ ಜಾಲರಿ ನೋಡಿ, ಆಮೇಲೆ ಹಾಕಿದಳು.

ಒಂದು ವರ್ಷ ಕಳೆದ ಮೇಲೆ ಡಾಕ್ಟರಮ್ಮ ಆ ಮೆಟ್ಟಿಲನ್ನು ನೋಡಬೇಕೆಂದು ಒಂದು ಮಧ್ಯಾಹ್ನ ಬಂದರು. ವಾಚಕ್ಕ ಮಾತು ಮಾತಿಗೂ ಮೆಟ್ಟಿಲಲ್ಲಿ ಹಾಗಂದರು, ಮೆಟ್ಟಿಲಲ್ಲಿ ಹೀಗಂದರು ಎನ್ನುತ್ತಿದ್ದದ್ದರಿಂದ ಅವರು ಅದನ್ನು ಯಾವುದೋ ಸಂಘದ ಹೆಸರು ಎಂದುಕೊಂಡಿದ್ದರು. ಬಂದು ನೋಡಿದರೆ ನಿಜವಾದ ಮೆಟ್ಟಿಲು. ಮೇಡಂ ಸೆರಗಿನಿಂದಲೇ ಧೂಳು ಕೊಡವಿ ಜಾಗ ಮಾಡಿದರು.

ಚಹಾ ಕುಡಿಯುತ್ತ ಡಾಕ್ಟರಮ್ಮ ತಮ್ಮ ತಲೆನೋವೊಂದನ್ನು ಹೇಳಿಕೊಂಡರು. "ಒಂದು ವರ್ಷ, ಒಂದೂವರೆ ವರ್ಷದ ಮಕ್ಕಳಿಗೂ ಮೆಷಿನ್ ಹಾಕ್ತೀವಿ. ಅವು ಕಿತ್ತು ಎಸೀತವೆ. ಒಂದು ಮಗು ಬಸ್ಸಿನ ಕಿಟಕಿಯಿಂದ ಎಸೆದುಬಿಡ್ತು. ಟೇಪು ಹಚ್ಚಿದ್ರೆ ಚರ್ಮ ಕೆಂಪಾಗುತ್ತೆ. ಏನು ಮಾಡೋದೋ ತಿಳೀತಿಲ್ಲ."

ವಾಚಕ್ಕ ಟೈಲರಣ್ಣನ ಕಡೆ ನೋಡಿದಳು. ಅವನು ಚಹಾದ ಲೋಟ ಕೆಳಗಿಟ್ಟಾಗಿತ್ತು.

"ಕಟ್ಟೋ ಟೋಪಿ ಹಾಕಿದ್ರೆ?"

"ಬಟ್ಟೆ ಅಡ್ಡ ಬಂದ್ರೆ ಮೈಕಿಗೆ ಸದ್ದು ಹೋಗಲ್ಲ."

"ಕಿವಿ ಹತ್ರ ಮಾತ್ರ ಜಾಳು ಬಟ್ಟೆ ಇಟ್ರೆ? ಸೊಳ್ಳೆಪರದೆ ಥರದ್ದು, ಆದರೆ ಮೆತ್ತಗಿರೋದು?"

ಡಾಕ್ಟರಮ್ಮ ಆಗಬಹುದು ಎಂದು ತಲೆಯಾಡಿಸಿದರು. ಅವನು ಕತ್ತಿನಲ್ಲಿದ್ದ ಅಳತೆ ಟೇಪು ಕೈಗೆ ತೆಗೆದುಕೊಂಡ. "ಒಂದು ವರ್ಷದ ತಲೆ ಎಷ್ಟು ಇಂಚಿರುತ್ತೆ?" ಮೇಡಂ "ಮಕ್ಕಳ ತಲೆ ಅಳತೆಯ ಪಟ್ಟಿ ನನ್ನಂಗಡಿಯಲ್ಲೇ ಇದೆ" ಎನ್ನುತ್ತ ಎದ್ದರು. ಝೆರಾಕ್ಸಿನ ತಮ್ಮ ಮಾದರಿ ಕತ್ತರಿಸಲು ದಪ್ಪ ಹಾಳೆ ತರಲು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದ.

ಮೊದಲ ಟೋಪಿ ಮಗುವಿನ ಕಣ್ಣಿನ ಮೇಲೆ ಜಾರಿತು. ಎರಡನೆಯದರ ದಾರವನ್ನು ಮಗು ಬಾಯಿಗೆ ಹಾಕಿಕೊಂಡು ಜಗಿಯಿತು. ಮೂರನೆಯದಕ್ಕೆ ದಾರದ ಬದಲು ಗಲ್ಲದ ಕೆಳಗೆ ಅಗಲ ಪಟ್ಟಿ ಇಟ್ಟು, ಗುಂಡಿಯನ್ನು ಹಿಂದಕ್ಕೆ ಸರಿಸಿದ ಮೇಲೆ ಅದು ನಿಂತಿತು. ಅದನ್ನು ಹಾಕಿಕೊಂಡ ಮಗು ಅರ್ಧ ದಿನ ಮೆಷಿನ್ ಕೀಳಲಿಲ್ಲ ಎಂದು ತಾಯಿ ಫೋನು ಮಾಡಿದಾಗ ಟೈಲರಣ್ಣ ಆ ಮಾತನ್ನು ಎಲ್ಲರಿಗೂ ಸ್ಪೀಕರಿನಲ್ಲಿ ಕೇಳಿಸಿದ. ಈಗ ಬೇರೆ ಊರುಗಳ ಕ್ಲಿನಿಕ್ಕುಗಳಿಂದಲೂ ಅಳತೆಗಳು ಬರುತ್ತವೆ. ಹಬ್ಬದ ಸೀಸನ್ನು ಬಿಟ್ಟರೆ ಖಾಲಿ ಕೂರುತ್ತಿದ್ದ ಅವನ ಎರಡನೇ ಹೊಲಿಗೆ ಯಂತ್ರಕ್ಕೂ ಕೆಲಸ ಬಂದಿದೆ.

ವಾಚಕ್ಕ ಈಗ ವಾರಕ್ಕೆ ಎರಡು ದಿನ ಕ್ಲಿನಿಕ್ಕಿನಲ್ಲಿ, ನಾಲ್ಕು ದಿನ ಮೆಟ್ಟಿಲ ಕೆಳಗೆ ಕೂರುತ್ತಾಳೆ. ವಾಚು ತಂದವರನ್ನು ಇವತ್ತಿಗೂ ಹಿಂದೆ ಕಳಿಸುವುದಿಲ್ಲ. ಮೊನ್ನೆ ಹೆಡ್‌ಮೇಡಂ ಹೊಸ ಮಾದರಿಯ ಮೆಷಿನ್ ಹಾಕಿಸಿಕೊಂಡು ತೋರಿಸಲು ಬಂದಿದ್ದರು. ಅದಕ್ಕೆ ಸೆಲ್ಲೇ ಬೇಕಿಲ್ಲ, ಫೋನಿನಂತೆ ಚಾರ್ಜು ಮಾಡಿದರೆ ಸಾಕು. ಸೆಲ್ಲು ಮಾರುವ ಮೇಡಂ ಅದನ್ನು ಕಂಡು ಮುಖ ಸಣ್ಣ ಮಾಡಿದರು. ವಾಚಕ್ಕ ಮಾತ್ರ ಅದನ್ನು ಅಂಗೈಯಲ್ಲಿಟ್ಟು ಎಡಕ್ಕೆ ಬಲಕ್ಕೆ ತಿರುಗಿಸಿ, ಸ್ಕ್ರೂ ಎಲ್ಲಿದೆ ಎಂದು ಹುಡುಕುತ್ತಿದ್ದಳು.

"ಮುಟ್ಟಬೇಡ," ಅಂದರು ಹೆಡ್‌ಮೇಡಂ. "ಗೆರೆ ನೆನಪಿದೆ ತಾನೇ?"

"ಮುಟ್ಟಲ್ಲ ಮೇಡಂ, ಬರೀ ನೋಡ್ತಾ ಇದ್ದೀನಿ," ಅಂದಳು ವಾಚಕ್ಕ. "ಇದರ ಚಾರ್ಜರ್ ಕೆಟ್ರೆ ಜನ ಎಲ್ಲಿಗೆ ಹೋಗ್ತಾರೆ?"